ಕಾರಣ ಬರೆಯದ ರಜೆ

ಸಕಲೇಶಪುರ
ಡಿಸೆಂಬರ್ ಏಳು, ಭಾನುವಾರ

ಪ್ರೀತಿಯ ಗಂಗಾಮಣಮ್ಮನಿಗೆ ಶೈಸ್ತಾ ಮಾಡುವ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ತಂಗಿ ವಿಶಾಲಮ್ಮನವರ ಮೊಮ್ಮಗಳು ವಾಣಿ ನಿಮಗೆ ಓದಿ ಹೇಳುತ್ತಾಳೆಂದು ನಂಬಿ ಬರೆಯುತ್ತಿದ್ದೇನೆ. ನಡುವೆ ಎಲ್ಲಾದರೂ ನೀವು "ಸಾಕು ಬುಡು" ಎಂದರೆ ಅವಳು ನಿಲ್ಲಿಸಬಾರದು. ಪೂರ್ತಿ ಕೇಳಿಸಿಕೊಳ್ಳಿ.

ನೀವು ಎಸ್ಟೇಟಿನ ಕೆಲಸ ಮುಗಿಸಿ ಆಲೂರಿನ ಕಡೆಗೆ ಹೋಗಿ ಮೂರು ತಿಂಗಳಾಯಿತು. ಹೋಗುವ ದಿನ ಆಫೀಸಿನ ಬಾಗಿಲಲ್ಲಿ ನಿಂತು "ಬತ್ತೀನಿ ಕಣ್ ಮಗ" ಎಂದಿರಿ. ನನಗೆ ಹೇಳುವುದು ಬಹಳ ಇತ್ತು. ಹೊರಗೆ ಜೀಪಿನವನು ಹಾರ್ನ್ ಹೊಡೆಯುತ್ತಿದ್ದ. "ಹುಷಾರು, ಮೆಟ್ಟಿಲು ಜಾರುತ್ತೆ" ಎಂದಷ್ಟೇ ನನ್ನ ಬಾಯಿಂದ ಬಂದದ್ದು. ಮೊನ್ನೆ ಮುಂದಿನ ವರ್ಷದ ರಜಾ ಪಟ್ಟಿ ಮಾಡಲು ಕೂತಾಗ ನಿಮ್ಮ ಹೆಸರಿನ ಸಾಲನ್ನು ತೆಗೆಯಬೇಕಾಯಿತು. ಅಂದಿನಿಂದ ಬರೆಯಬೇಕು, ಬರೆಯಬೇಕು ಎನ್ನಿಸುತ್ತಿತ್ತು. ಇವತ್ತು ಭಾನುವಾರ, ಮನೆಯಲ್ಲೇ ಇದ್ದೇನೆ.

ಎರಡು ವರ್ಷದ ಹಿಂದೆ ಇದೇ ಡಿಸೆಂಬರಿನಲ್ಲಿ ಫಾರಂಗಳ ಕಟ್ಟು ಹಿಡಿದು ನಾನು ತೋಟದ ಕೆಲಸದವರ ಸಾಲು ಮನೆಗಳಿಗೆ, ನಿಮ್ಮ ಲೈನಿಗೆ, ಬಂದದ್ದು ನಿಮಗೆ ನೆನಪಿರಬೇಕು. ನಾನು ಎಸ್ಟೇಟ್ ಆಫೀಸಿಗೆ ಸೇರಿ ಆಗ ನಾಲ್ಕೇ ತಿಂಗಳು. ನಮ್ಮ ಕಾಫಿ ಕೊಳ್ಳುವ ಕಂಪನಿಯವರು ತೋಟ ನೋಡಲು ಬಂದಿದ್ದರು. ಕೆಲಸದವರಿಗೆ ಸಂಬಳದ ರಜೆ ಇದೆ ಎಂದು ಕಾಗದದಲ್ಲಿ ತೋರಿಸಿದರೆ ಸಾಲದು, ಯಾರು ಯಾವಾಗ ತೆಗೆದುಕೊಳ್ಳುತ್ತಾರೆ ಎಂದು ವರ್ಷಕ್ಕೆ ಮೊದಲೇ ಪಟ್ಟಿ ಮಾಡಿ ಎಂದು ಹೇಳಿಹೋಗಿದ್ದರು. ಮ್ಯಾನೇಜರ್ ಮಹಾದೇವಯ್ಯನವರು ಕೂತು ಫಾರಂ ತಯಾರಿಸಿದರು. ಹೆಸರು, ಯಾವ ದಿನದಿಂದ ಯಾವ ದಿನದವರೆಗೆ, ಕಾರಣ, ಸಹಿ.

ಲೈನಿನಲ್ಲಿ ಎಲ್ಲರೂ ನಕ್ಕರು. "ಮಳೆಗಾಲದಲ್ಲಿ ನಂಗೆ ಜ್ವರ ಬತ್ತೈತೋ ಇಲ್ವೋ ಈಗ್ಲೇ ಹೆಂಗ್ ಹೇಳಾದು ಮೇಡಮ್ಮೋರೆ?" ಎಂದು ಕೇಳಿದವನು ದ್ಯಾವಯ್ಯ. ನನ್ನ ಕಷ್ಟವನ್ನೂ ಹೇಳಿಕೊಂಡೆ. ಹಬ್ಬದ ರಜೆಗೆ ನಾನೂ ತಾರೀಖು ಬರೆದುಕೊಡಬೇಕಿತ್ತು, ಚಂದ್ರ ಕಾಣದೆ ಈದ್ ಯಾವತ್ತು ಎಂದು ಹೇಗೆ ಬರೆಯಲಿ ಎಂದೆ. ನೀವು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತದೆ, "ಹಂಗಾರೆ ಚಂದ್ರನೂ ಒಂದ್ ಅರ್ಜಿ ಕೊಡ್ಬೇಕಲ್ಲವ್ವ" ಎಂದಿರಿ. ನಿಮ್ಮನ್ನು ನಾನು ಸರಿಯಾಗಿ ನೋಡಿದ್ದು ಆಗಲೇ.

ಅವತ್ತು ಹೆಂಗಸರು ಒಬ್ಬೊಬ್ಬರಾಗಿ ದಿನ ಬರೆಸಿದರು. ತಮ್ಮನ ಮಗುವಿನ ನಾಮಕರಣ, ಅತ್ತೆಯ ಕಣ್ಣಿನ ಆಪರೇಷನ್, ನಾದಿನಿಯ ಮನೆಯ ಗೃಹಪ್ರವೇಶ. ತನಗೆಂದು ಒಂದು ದಿನ ಕೇಳಿದವರು ಯಾರೂ ಇರಲಿಲ್ಲ. ಕೊನೆಗೆ ನೀವು ಹೇಳಿದಿರಿ, "ಮಾರ್ಚಲ್ಲಿ ಆರ್ ದಿನ ಬರ್ಕೋ. ಸ್ವಾಮಾರದಿಂದ ಶನಿವಾರದ ತಂಕ." ಕಾರಣ ಏನೆಂದು ಬರೆಯಲಿ ಎಂದು ಕೇಳಿದೆ. "ಕಾರಣ ಇಲ್ಲ. ಸುಮ್ನೆ." ಏನಾದರೂ ಬರೆಯಲೇಬೇಕು ಎಂದಾಗ ನಿಮ್ಮ ಕೈ ನಿಂತಿತು. "ತೋಟದ ದೊರೆಗಳು ಮೈಸೂರಿಗೆ ಹೋಯ್ತಾರಲ್ಲ, ಅವ್ರು ಯಾರ್ಗೆ ಕಾರಣ ಬರ್ಕೊಟ್ಟು ಹೋಯ್ತಾರೆ?" ಎಲ್ಲರೂ ನಕ್ಕರು, ನಾನೂ ನಕ್ಕೆ. ನೀವು ಮಾತ್ರ ನಗಲಿಲ್ಲ ಎಂಬುದು ನನಗೆ ಆಮೇಲೆ ನೆನಪಾಯಿತು. ಖಾಲಿ ಬಿಟ್ಟ ಆ ಜಾಗದ ಪಕ್ಕದಲ್ಲಿ ನಿಧಾನವಾಗಿ ಸಹಿ ಹಾಕಿಕೊಟ್ಟಿರಿ.

ಮಹಾದೇವಯ್ಯನವರು ಆ ಫಾರಂ ವಾಪಸ್ಸು ಕೊಟ್ಟರು. "ಕಾರಣ ಇಲ್ಲದೆ ನಾನು ಸಹಿ ಹಾಕಲ್ಲಮ್ಮ. ನಾಳೆ ಎಲ್ಲರೂ ಸುಮ್ಮನೆ ಅಂತ ಬರೆದರೆ ತೋಟ ನಡೆಸೋದು ಹೇಗೆ?" ಅವರ ದೃಷ್ಟಿಯಲ್ಲಿ ಅದು ತಪ್ಪು ಮಾತೇನಲ್ಲ. ನಾನು ನಿಮ್ಮ ಹತ್ತಿರ ಮತ್ತೆ ಬಂದು ಕೇಳಬೇಕಿತ್ತು. ಬರಲಿಲ್ಲ. ಹಳೆಯ ರಿಜಿಸ್ಟರುಗಳನ್ನು ತಿರುವಿ ಹಾಕಿ ನಾನೊಂದು ವಿಷಯ ಕಂಡುಕೊಂಡಿದ್ದೆ, ತೋಟದ ಲೆಕ್ಕ ಬರೆಯುವ ಯಾವ ರೈಟರೂ ಯಾವ ಕಾಲದಲ್ಲೂ ಇಲ್ಲ ಎನ್ನದ ಕಾರಣ ಒಂದಿದೆ ಎಂದು. ಪೆನ್ನು ತೆಗೆದು ನಿಮ್ಮ ಸಹಿಯ ಪಕ್ಕದಲ್ಲಿ ನನ್ನ ಕೈಯಾರೆ ಬರೆದೆ: ಮಗಳ ಬಾಣಂತನ. ಒಂದು ಗಂಟೆಯಲ್ಲಿ ಸಹಿ ಬಿತ್ತು. ನಿಮಗೆ ಉಪಕಾರ ಮಾಡಿದೆ ಎಂದುಕೊಂಡೆ ಗಂಗಾಮಣಮ್ಮ. ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ.

ಜನವರಿ ಮೊದಲ ವಾರ ಪಟ್ಟಿಯನ್ನು ಸ್ಟೋರಿನ ಗೋಡೆಗೆ ಅಂಟಿಸಿದರು. ಕಾಫಿ ಹಣ್ಣಿನ ಕೊಯ್ಲು ಜೋರಾಗಿ ನಡೆಯುತ್ತಿತ್ತು. ಸಂಜೆ ಎಲ್ಲರೂ ಮೂಟೆ ಹೊತ್ತು ತೂಕಕ್ಕೆ ಬಂದು ನಿಂತಿದ್ದಿರಿ. ಮಹಾದೇವಯ್ಯನವರು ಒಳ್ಳೆಯ ಉಮೇದಿನಲ್ಲಿದ್ದರು. ಎಲ್ಲರೆದುರು ಕೂಗಿ ಕೇಳಿದರು, "ಏನ್ ಗಂಗಾಮಣಿ, ಮಾರ್ಚಲ್ಲಿ ಅಜ್ಜಿ ಆಗ್ತಿದೀಯಂತೆ? ನಮಗೂ ಸಿಹಿ ಕೊಡ್ಬೇಕಪ್ಪ!"

ಅವರು ನಮ್ಮ ತೋಟಕ್ಕೆ ಬಂದು ಮೂರು ವರ್ಷವಾಗಿತ್ತಷ್ಟೆ. ನನ್ನ ಹಾಗೆ ಅವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಒಮ್ಮೆಲೇ ಸುಮ್ಮನಾದರು. ನೀವು ಮೂಟೆ ಇಳಿಸಿದಿರಿ. ಪಕ್ಕದಲ್ಲಿದ್ದ ಭದ್ರಮ್ಮನನ್ನು, "ಏನಂತ ಬರ್ದೈತೆ ಅಲ್ಲಿ?" ಎಂದು ಕೇಳಿದಿರಿ. ಭದ್ರಮ್ಮ ತಲೆ ತಗ್ಗಿಸಿ ತನ್ನ ಮೂಟೆಯ ಬಾಯಿ ಬಿಗಿಯತೊಡಗಿದಳು. ಆಮೇಲೆ ನನ್ನ ಕಡೆ ನೋಡಿದಿರಿ, ಒಂದೇ ಸಲ. ಅದು ಸಿಟ್ಟಿನ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ತೂಕ ಮುಗಿಸಿ, ಕೈ ಒರೆಸಿಕೊಂಡು ಹೊರಟುಹೋದಿರಿ.

ಮಾರನೆಯ ದಿನ ಆಫೀಸಿಗೆ ಬಂದು, "ಆ ರಜ ನಂಗ್ ಬ್ಯಾಡ. ಹೊಡ್ದಾಕು" ಎಂದಿರಿ. ತಪ್ಪಾಯಿತು ಎಂದೆ, ಆದರೆ ಏನು ತಪ್ಪಾಗಿದೆ ಎಂದು ನನಗಿನ್ನೂ ತಿಳಿದಿರಲಿಲ್ಲ. ಮಧ್ಯಾಹ್ನ ಭದ್ರಮ್ಮ ದಾರಿಯಲ್ಲಿ ಸಿಕ್ಕಿ ಹೇಳಿದಳು.

ನಿಮ್ಮ ಮಗಳು ಪುಟ್ಟಲಕ್ಷ್ಮಿಯ ಹೆರಿಗೆಗೆಂದು ನೀವು ಒಂದು ತಿಂಗಳು ಮುಂಚೆಯೇ ರಜೆ ಕೇಳಿದ್ದಿರಂತೆ. ಹತ್ತೊಂಬತ್ತು ವರ್ಷದ ಹಿಂದಿನ ಜನವರಿ. ಆಗಿದ್ದ ರೈಟರ್ ಇಪ್ಪತ್ತನೇ ತಾರೀಖಿನಿಂದ ಎಂದು ಬರೆದುಕೊಂಡರಂತೆ. ಒಂಬತ್ತನೇ ತಾರೀಖೇ ನೋವು ಶುರುವಾಯಿತು. ಮಾರನಹಳ್ಳಿಯ ಅವಳ ಗಂಡನ ಮನೆಯಿಂದ ಲಾರಿಯವನೊಬ್ಬ ಸುದ್ದಿ ತಂದ. ನೀವು ಹಣ್ಣಿನ ಚೀಲ ಕಟ್ಟಿಕೊಂಡೇ ಓಡಿಬಂದು ಕೇಳಿದರೆ ರೈಟರ್ ಪುಸ್ತಕ ತೆಗೆದು ತೋರಿಸಿದರಂತೆ. "ನಿನ್ ರಜ ಇಪ್ಪತ್ತರಿಂದ ಅಲ್ವಾ? ಹಣ್ಣು ಉದುರ್ತಾ ಐತೆ, ಇವತ್ತು ಆಳು ಬಿಡಕ್ಕಾಗಲ್ಲ. ಸಂಜೆ ಹೋಗು." ಹೇಳದೆ ಹೋದರೆ ಕೆಲಸವೂ ಇಲ್ಲ, ಇರುವ ಲೈನ್ ಮನೆಯೂ ಇಲ್ಲ. ನೀವು ಮತ್ತೆ ಗಿಡದ ಹತ್ತಿರ ಹೋದಿರಿ. ಸಂಜೆ ಬಸ್ಸು ತಪ್ಪಿತು. ಬೆಳಗ್ಗೆ ನೀವು ಹೋಗಿ ಸೇರುವಷ್ಟರಲ್ಲಿ ತಾಯಿಯೂ ಇರಲಿಲ್ಲ, ಮಗುವೂ ಇರಲಿಲ್ಲ. "ಮಣ್ಣು ಮಾಡಿ ಹತ್ತು ದಿನ ಆದ್ಮೇಲೆ ಅವಳ ರಜ ಶುರುವಾಯ್ತು ಕಣ್ರೀ" ಎಂದಳು ಭದ್ರಮ್ಮ. "ಆವತ್ತಿಂದ ಗಂಗಕ್ಕ ಒಂದ್ ದಿನ ರಜ ಕೇಳಿಲ್ಲ. ಹೋದ್ ತಿಂಗ್ಳು ನಿಮ್ಗೆ ಬರ್ಸಿದ್ದೇ ಮೊದ್ಲು."

ಅಂದು ರೈಟರ್ ಪುಸ್ತಕದಲ್ಲಿ ಬರೆದದ್ದು ಮಗಳ ಬಾಣಂತನ ಎಂದೇ. ನಾನು ಬರೆದದ್ದೂ ಅದೇ ಎರಡು ಪದ.

ಮಾರ್ಚಿನ ಆ ಆರು ದಿನ ನೀವು ಕೆಲಸಕ್ಕೆ ಬಂದಿರಿ. ಹಾಜರಿ ಹಾಕಿದವಳು ನಾನು. ಆರು ಸಲ ನಿಮ್ಮ ಹೆಸರಿನ ಮುಂದೆ ಗುರುತು ಮಾಡಿದೆ. ನಿಮ್ಮೆದುರು ಬರಲಾರದೆ ಮೇಲಿನ ದಾರಿ ಸುತ್ತಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಎಂಟು ತಿಂಗಳು ಹೀಗೇ ಕಳೆದೆ. ನಾನು ಹೇಡಿ ಗಂಗಾಮಣಮ್ಮ. ನಮ್ಮ ಅಬ್ಬಾ ನಸ್ರುಲ್ಲಾ ಮೂವತ್ತು ವರ್ಷ ಶಿರಾಡಿ ಘಾಟಿಯಲ್ಲಿ ಲಾರಿ ಓಡಿಸಿದವರು. ಅವರ ಹತ್ತಿರ ಒಂದು ದಿನ ಇದನ್ನೆಲ್ಲ ಹೇಳಿಕೊಂಡೆ. ಅವರು ಊಟದ ತಟ್ಟೆ ಸರಿಸಿ, "ತಪ್ಪು ಬರೆದಿದ್ದು ಆಫೀಸಿನ ಕಾಗದದಲ್ಲಿ. ಹೇಳಬೇಕಾದ್ದೂ ಆಫೀಸಿನಲ್ಲೇ" ಎಂದರು.

ನವೆಂಬರಿನಲ್ಲಿ ಮಹಾದೇವಯ್ಯನವರು ಮತ್ತೆ ಫಾರಂ ತೆಗೆಸು ಎಂದಾಗ ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. "ಸುಳ್ಳು ಬರೆದಿದ್ದಕ್ಕೆ ನಿನ್ನ ಕೆಲಸದಿಂದ ತೆಗೀಬಹುದು, ಗೊತ್ತಲ್ಲ?" ಎಂದರು. ಗೊತ್ತು ಸರ್ ಎಂದೆ. "ನೀನು ಬರೆದೆ. ಎಲ್ಲರೆದುರು ಕೂಗಿ ಹೇಳಿದವನು ನಾನು" ಎಂದರು. ಆಮೇಲೆ ಹಳೆಯ ಫಾರಂ ಎಳೆದುಕೊಂಡು ಕಾರಣದ ಕಾಲಂ ಮೇಲೆ ಉದ್ದಕ್ಕೂ ಗೀಟು ಹಾಕಿದರು.

ಹಾಗಾದರೆ ಎಲ್ಲರೂ ಒಂದೇ ವಾರ ಕೇಳಿದರೆ ಏನು ಮಾಡುವುದು ಎಂದು ಅವರೇ ಕೇಳಿದರು. ಒಂದು ಗುಂಪಿನಿಂದ ಒಂದು ವಾರಕ್ಕೆ ಇಷ್ಟೇ ಜನ ಎಂದು ಮೊದಲೇ ಹೇಳೋಣ, ಉಳಿದದ್ದನ್ನು ಅವರವರೇ ಕೂತು ಹೊಂದಿಸಿಕೊಳ್ಳಲಿ ಎಂದೆ. ಹಾಗೇ ಆಯಿತು. ಸುಸೂತ್ರವಾಗಿಯೇನೂ ಆಗಲಿಲ್ಲ. ಯುಗಾದಿ ವಾರಕ್ಕೆ ಇಬ್ಬರು ಜಗಳವಾಡಿ ತಿಂಗಳುಗಟ್ಟಲೆ ಮಾತು ಬಿಟ್ಟರು. ದ್ಯಾವಯ್ಯ ನಾಲ್ಕು ಸಲ ದಿನ ಬದಲಾಯಿಸಿದ. ಫಾರಂ ಕೊನೆಯಲ್ಲಿ ಒಂದು ಸಾಲನ್ನು ಮಹಾದೇವಯ್ಯನವರು ತಾವೇ ಸೇರಿಸಿದರು: ಬರೆದ ದಿನಕ್ಕಿಂತ ಮೊದಲೇ ಹೋಗಬೇಕಾಗಿ ಬಂದರೆ ಯಾರಿಗಾದರೂ ತಿಳಿಸಿ ಹೋಗಿ, ಕಾಗದ ಆಮೇಲೆ ತಿದ್ದಿಕೊಳ್ಳೋಣ. ಅವರು ಒಂದು ಸಂಜೆ ನಿಮ್ಮ ಮನೆ ಬಾಗಿಲಿಗೆ ಬಂದು ನಿಂತರಂತೆ. ಏನು ಹೇಳಿದರೆಂದು ನಾನು ಅವರನ್ನೂ ಕೇಳಲಿಲ್ಲ, ನಿಮ್ಮನ್ನೂ ಕೇಳಲಿಲ್ಲ.

ಹೊಸ ಫಾರಂ ಕೊಟ್ಟಾಗ ನೀವು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇಲ್ಲೊಂದ್ ಮನೆ ಇತ್ತಲ್ಲ, ಎಲ್ಲೋಯ್ತು?" ಎಂದಿರಿ. ಕಾರಣದ ಕಾಲಂ ತೆಗೆದುಬಿಟ್ಟೆವು ಎಂದೆ. ನೀವು ಬರೆಸಿದ್ದು ಇಷ್ಟೇ. ಮಾರ್ಚ್, ಆರು ದಿನ. ಸಹಿ.

ನೀವು ಎಲ್ಲಿಗೋ ಹೋಗುತ್ತೀರಿ ಎಂದುಕೊಂಡಿದ್ದೆ. ಧರ್ಮಸ್ಥಳಕ್ಕೋ, ತಂಗಿಯ ಮನೆಗೋ. ಎರಡನೇ ದಿನ ಬಸ್ಸಿಳಿದು ಬರುತ್ತಿದ್ದಾಗ ನೋಡಿದರೆ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದೀರಿ. ತಲೆಗೆ ಸ್ನಾನ ಮಾಡಿ ಕೂದಲು ಹರಡಿಕೊಂಡಿದ್ದಿರಿ, ಮೈಮೇಲೆ ಬಿಸಿಲು. ಎಲ್ಲರೂ ಕೆಲಸಕ್ಕೆ ಹೋಗಿ ಲೈನು ಖಾಲಿಯಾಗಿತ್ತು. ಎಲ್ಲೂ ಹೋಗಲಿಲ್ಲವೇ ಎಂದು ಕೇಳಿದೆ. "ಎಲ್ಗೋಗ್ಲಿ? ಎಲ್ರೂ ಕೆಲ್ಸುಕ್ಕೋಗಾ ಹೊತ್ನಲ್ಲಿ ಒಬ್ಳೇ ಕುಂತ್ಕಂಡ್ ನೋಡಾನ ಅಂತ ಆಸೆ ಇತ್ತು. ಚೆನ್ನಾಗೈತೆ ಕಣ್ ಮಗ. ಬಾ, ಟೀ ಕುಡ್ಕಂಡೋಗು."

ಆ ಟೀ ಕುಡಿಯುವಾಗ ಪುಟ್ಟಲಕ್ಷ್ಮಿಯ ಹೆಸರನ್ನು ನಿಮ್ಮ ಬಾಯಿಂದ ಮೊದಲ ಸಲ ಕೇಳಿದೆ. ಅವಳು ಮಾತಾಡಿದರೆ ಅರ್ಧ ಮಾತು ನುಂಗಿಬಿಡುತ್ತಿದ್ದಳೆಂದೂ, ನೇರಳೆ ಹಣ್ಣು ತಿಂದು ಬಾಯಿ ಬಣ್ಣ ಮಾಡಿಕೊಂಡು ತಿಂದೇ ಇಲ್ಲ ಎಂದು ಆಣೆ ಮಾಡುತ್ತಿದ್ದಳೆಂದೂ ಹೇಳಿ ನಕ್ಕಿರಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಿರಿ. ನಾನು ಅತ್ತೆ. ಕ್ಷಮಿಸಿ ಎಂದು ಸರಿಯಾಗಿ ಹೇಳಲೂ ಆಗಲಿಲ್ಲ. ನೀವು ನನ್ನ ಬೆನ್ನ ಮೇಲೆ ಕೈ ಇಟ್ಟು, "ನೀನೇನ್ ಬೇಕಂತ ಬರ್ದ್ಯಾ? ಬುಡು. ಆದ್ರೆ ಒಬ್ರ ಕಾರಣ ಇನ್ನೊಬ್ರು ಬರೀಬಾರ್ದು ಕಣ್ ಮಗ" ಎಂದಿರಿ. ಅವತ್ತು ಆಫೀಸಿಗೆ ಮುಕ್ಕಾಲು ಗಂಟೆ ತಡವಾಗಿ ಹೋದೆ. ಯಾಕೆ ಎಂದು ಯಾರೂ ಕೇಳಲಿಲ್ಲ.

ನೀವು ಅವತ್ತು ನನ್ನನ್ನು ಕರೆದು ಕೂರಿಸದೆ ಇದ್ದಿದ್ದರೆ ನಾನು ಆ ಕೆಲಸ ಬಿಡುತ್ತಿದ್ದೆ. ರಾಜೀನಾಮೆಯನ್ನು ಬರೆದೂ ಇಟ್ಟಿದ್ದೆ. ನೀವು ಹೊರಟ ದಿನ ಹೇಳಬೇಕೆಂದಿದ್ದದ್ದು ಇದನ್ನೇ. ಹಾರ್ನಿನ ಗಲಾಟೆಯಲ್ಲಿ ಆಗಲಿಲ್ಲ.

ಇನ್ನೊಂದು ಸುದ್ದಿ. ಇದನ್ನು ಬೇರೆ ಯಾರಾದರೂ ನಿಮಗೆ ಹೇಳುವ ಮೊದಲು ನಾನೇ ಹೇಳಬೇಕೆಂದು ಆತುರ. ಭದ್ರಮ್ಮನ ಮಗಳಿಗೆ ದಿನ ತುಂಬಿತ್ತಲ್ಲ, ಭದ್ರಮ್ಮ ಇಪ್ಪತ್ತೆರಡರಿಂದ ರಜೆ ಬರೆಸಿದ್ದಳು. ಕಳೆದ ಬುಧವಾರ, ಮೂರನೇ ತಾರೀಖು, ತೋಟದ ನಡುವೆ ಇದ್ದಾಗಲೇ ಅವಳಿಗೆ ಫೋನು ಬಂತು. ಸಂಜೆ ತೂಕದ ಹೊತ್ತಿಗೆ ಅವಳು ಕಾಣಲಿಲ್ಲ. ಎಲ್ಲಿ ಎಂದು ವಿಚಾರಿಸಿದರೆ, ಸೊಂಟದ ಚೀಲ ಬಿಚ್ಚಿ ಪಕ್ಕದವಳ ಕೈಗೆ ಕೊಟ್ಟು, "ಆಫೀಸಲ್ಲಿ ಹೇಳ್ಬುಡು" ಎಂದು ಯಾವುದೋ ತರಕಾರಿ ಟೆಂಪೋ ಹತ್ತಿ ಹೋದಳಂತೆ. ಮೊಮ್ಮಗಳು ಹುಟ್ಟಿದ್ದಾಳೆ. ಹೆರಿಗೆಯ ಹೊತ್ತಿಗೆ ಭದ್ರಮ್ಮ ಅಲ್ಲೇ ಇದ್ದಳು. ತಾಯಿ ಮಗು ಆರಾಮಾಗಿದ್ದಾರೆ.

ಗುರುವಾರ ಬೆಳಗ್ಗೆ ನಾನು ಪಟ್ಟಿ ತಿದ್ದಿದೆ. ಇಪ್ಪತ್ತೆರಡು ಎಂದಿದ್ದನ್ನು ಹೊಡೆದು ಮೂರು ಎಂದು ಬರೆದೆ. ಗಂಗಾಮಣಮ್ಮ, ಅವಳು ಯಾರ ಅಪ್ಪಣೆಗೂ ಕಾಯಲಿಲ್ಲ. ಹೇಳಿ ಹೋದಳು, ಅಷ್ಟೆ.

ದೇವರು ನಿಮ್ಮ ಮಂಡಿನೋವು ಕಡಿಮೆ ಮಾಡಲಿ, ತಂಗಿಯ ಮನೆಯ ಜಗಲಿಯ ಮೇಲೆ ದಿನವೂ ನಿಮಗೆ ಬಿಸಿಲು ಬೀಳಲಿ. ಕೊಯ್ಲು ಮುಗಿದ ಮೇಲೆ ನಿಮ್ಮನ್ನು ನೋಡಲು ಬರುತ್ತೇನೆ. ಯಾವ ದಿನ ಎಂದು ಈಗಲೇ ಬರೆಯುವುದಿಲ್ಲ.

ನಿಮ್ಮ ಆಶೀರ್ವಾದ ಬೇಡುವ ಮಗಳು,
ಶೈಸ್ತಾ