ಅಳಿಸುವ ಸಾಲಿನ ಕೆಳಗಿದ್ದ ಟಿಪ್ಪಣಿ

ಮಾಳಮಡ್ಡಿ, ಧಾರವಾಡ
08-07-2025, ಮಂಗಳವಾರ

ಸೌಂದರ್ಯಾ,

ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಗೀರು ಕಾಣಿಸುತ್ತಿರಬಹುದು, ಕಾಣಿಸಲಿ. ವಾಟ್ಸಾಪಿನಲ್ಲಿ ಕೇಳಿದರೆ ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುವವಳು ನೀನು. ಅದಕ್ಕೇ ಈ ಕಾಗದ. ನಾಳೆ ಆಫೀಸಿಗೆ ಹೋಗುವಾಗ ಸತ್ತೂರಿನಲ್ಲಿ ಇಳಿದು ನಾನೇ ನಿನ್ನ ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ.

ನನ್ನ ನೀಲಿ ರಟ್ಟಿನ ವಹಿ ನಿನ್ನ ಕೈ ಸೇರಿ ಹದಿನಾಲ್ಕು ತಿಂಗಳಾಯಿತು. ರಾಯಾಪುರದ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡುತ್ತ ಮಾಡುತ್ತ ಬರೆದ ವಹಿ ಅದು. ಮತ್ತೆ ಮತ್ತೆ ಬೇಕಾಗುವ ಕೋಡಿನ ತುಣುಕು ಪುಟಕ್ಕೊಂದು; ಅದರ ಕೆಳಗೆ, ಅದು ಎಲ್ಲಿ ಕೈಕೊಡುತ್ತದೆ ಎಂಬ ಟಿಪ್ಪಣಿ ಕನ್ನಡದಲ್ಲಿ. ನೀನು ಕೆಲಸ ಬಿಡುವಾಗ ‘ಎರಡ ದಿನಾ ಕೊಡ ಮಾಯಾ, ಟೈಪ್ ಮಾಡ್ಕೊಂಡು ವಾಪಸ್ ಕೊಡ್ತೇನಿ’ ಅಂದಿದ್ದೆ. ಟೈಪ್ ಮಾಡಿದ್ದು ಖರೆ. ಅಂತರ್ಜಾಲದಲ್ಲಿ ನಿನ್ನ ಹೆಸರಿನ ಪುಟ ತೆರೆದು, ನಿನ್ನ ಫೋಟೊ ಹಾಕಿ, ಇಡೀ ವಹಿಯನ್ನು ಅಲ್ಲಿ ಇಳಿಸಿದೆ. ಉದಾಹರಣೆಗೆ ಹೆಸರು ಬೇಕಾದಲ್ಲೆಲ್ಲ ನಾನು ಹುಲಿಗೆವ್ವ ಎಂದು ಬರೆಯುತ್ತಿದ್ದೆ. ನಮ್ಮ ಅಜ್ಜಿಯ ಹೆಸರು. ಅದನ್ನು ಬದಲಿಸುವ ವ್ಯವಧಾನವೂ ನಿನಗಿರಲಿಲ್ಲ. ಸಾಲಿಯ ಮುಖ ನೋಡದ ನಮ್ಮ ಅಜ್ಜಿ ಈಗ ನಿನ್ನ ಪುಟದಲ್ಲಿ ನಲವತ್ತು ಕಡೆ ನಿಂತಿದ್ದಾಳೆ.

ಆ ಪುಟ ನೋಡಿ ಕಾಲೇಜಿನವರು ನಿನ್ನನ್ನು ಭಾಷಣಕ್ಕೆ ಕರೆದರು, ಶಾಲು ಹೊದಿಸಿದರು. ಅದನ್ನೂ ನುಂಗಿಕೊಂಡೆ. ಟಿಪ್ಪಣಿಗಳನ್ನೆಲ್ಲ ಯಾಕೆ ತೆಗೆದೆ ಎಂದು ದೀಪಾವಳಿಯಲ್ಲಿ ಕೇಳಿದಾಗ ನೀನು ನಕ್ಕು ಏನಂದೆ, ನೆನಪಿದೆಯೇ? ‘ಕನ್ನಡದಾಗಿದ್ರ ಪುಟಕ್ಕ ಕಳಾ ಬರೂದಿಲ್ಲವಾ. ಕೋಡ್ ಇದ್ರ ಸಾಕು, ಟಿಪ್ಪಣಿ ಯಾರ್ ಓದ್ತಾರ?’ ನನಗೆ ಅಂದೇ ಮೈ ಉರಿದಿತ್ತು. ಹಬ್ಬದ ಮನೆ ಎಂದು ಸುಮ್ಮನೆ ಬಂದೆ.

ಈಗ ಕೇಳು. ಹೋದ ಗುರುವಾರ ನಮ್ಮ ಗಿರಾಕಿಯಾದ ಕಣ್ಣಿನ ಆಸ್ಪತ್ರೆಯ ಹಳೆಯ ಪಾಳಿಗಳನ್ನು ತೆಗೆಯಬೇಕಿತ್ತು. ಯಾವ ರೋಗಿ ಯಾವ ದಿನ ಬರಬೇಕು ಎಂಬ ಪಟ್ಟಿ ಅದು. ನಿನ್ನ ಪುಟದಲ್ಲಿದ್ದ ಅಳಿಸುವ ತುಣುಕನ್ನೇ ಎತ್ತಿ, ಮೇ 31ಕ್ಕಿಂತ ಹಳೆಯದನ್ನು ಅಳಿಸು ಎಂದು ಓಡಿಸಲಾಯಿತು. ವಹಿಯಲ್ಲಿ ಅದರ ಕೆಳಗೆ ಕೆಂಪು ಶಾಯಿಯ ಟಿಪ್ಪಣಿ ಇದೆ: ತಾರೀಖಿನಲ್ಲಿ ವರ್ಷ ಮೊದಲಿದ್ದರೆ ಮಾತ್ರ ಇದು ಸರಿ; ನಮ್ಮ ಕಡೆಯವರು ದಿನ ಮೊದಲು ಬರೆಯುತ್ತಾರೆ, ಅಲ್ಲಿ ಇದು ಮುಂದಿನ ತಿಂಗಳನ್ನೂ ಹಳೆಯದೆಂದು ಅಳಿಸುತ್ತದೆ. ಆಸ್ಪತ್ರೆಯ ಪಟ್ಟಿಯಲ್ಲಿ ದಿನವೇ ಮೊದಲು; 31ಕ್ಕಿಂತ ಚಿಕ್ಕ ಅಂಕಿಯಿಂದ ಶುರುವಾಗುವ ತಾರೀಖೆಲ್ಲ ಕಂಪ್ಯೂಟರಿಗೆ ಹಳೆಯದು. ಮುಂದೆ ಬರಬೇಕಾದವರಲ್ಲಿ ಜುಲೈ 31ರ ಹನ್ನೆರಡು ಹೆಸರು ಬಿಟ್ಟು ಉಳಿದದ್ದೆಲ್ಲ ಹೋಯಿತು.

ಭಾನುವಾರ ತೆಗೆದಿಟ್ಟ ಪ್ರತಿ ಇತ್ತು, ಅದನ್ನು ತುಂಬಿದೆವು. ಸೋಮವಾರದಿಂದ ಗುರುವಾರದವರೆಗೆ ಬರೆಸಿದವರ ಪಾಳಿ ಸಿಗಲಿಲ್ಲ. ಶುಕ್ರವಾರ ನಾನೇ ಆಸ್ಪತ್ರೆಗೆ ಹೋಗಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡೆ. ನವಲಗುಂದದಿಂದ ಮೊದಲ ಬಸ್ಸಿಗೆ ಬಂದ ಮುದುಕಿಯೊಬ್ಬಳು ಆಪರೇಷನ್ ಇದೆಯೆಂದು ಹನಿ ನೀರೂ ಕುಡಿಯದೆ ಸಂಜೆಯವರೆಗೆ ಕೂತಿದ್ದಳು. ಕೊನೆಗೆ ಬೇರೆ ದಿನ ಬರೆಸಿಕೊಂಡು ಹೋದಳು. ನನ್ನನ್ನು ಬೈಯಲೂ ಇಲ್ಲ.

ಇದೆಲ್ಲ ಬಿದ್ದಿರುವುದು ಮುಸರತಕ್ಕನ ತಲೆಗೆ. ಕೋಡಿನ ಆ ಸಾಲು ಓಡಿದ್ದು ಅವರ ಯಂತ್ರದಿಂದ, ಅವರ ಹೆಸರಿನಲ್ಲಿ. ಹನ್ನೊಂದು ವರ್ಷ ಬರೀ ಡೇಟಾ ಎಂಟ್ರಿ ಮಾಡಿ, ನಲವತ್ತನಾಲ್ಕನೆಯ ವಯಸ್ಸಿಗೆ ನನ್ನ ವಹಿ ಮುಂದಿಟ್ಟುಕೊಂಡು ಕೋಡ್ ಕಲಿತ ಹೆಂಗಸು. ಅವರಿಗೆ ಡಬ್ಬಿಯ ಹೋಳಿಗೆಯಲ್ಲಿ ಅರ್ಧ ಕೊಟ್ಟು ನೀನೂ ಕಲಿಸಿದ್ದೆ. ಅಕ್ಕ ನಮ್ಮ ಮ್ಯಾನೇಜರ್ ರಾಜಶೇಖರ ಸರ್ ಮುಂದೆ ನಿಂತು ‘ನಾ ಆ ಪುಟಾನ ತೆರದಿಲ್ರಿ ಸರ. ಆಸ್ಪತ್ರಿ ಪಟ್ಟಿಯಾಗ ದಿನಾ ಮೊದಲ ಇರ್ತದ ಅಂತ ನಂಗ ಗೊತ್ತೈತ್ರಿ’ ಅಂದರು. ಸರ್ ಕೇಳಿದ್ದು ಒಂದೇ ಮಾತು: ‘ಮತ್ತ ನಿಮ್ಮ ಹೆಸರ ಯಾಕ ಬಂದೈತಿ?’ ಅಕ್ಕ ತಿರುಗಿ ನನ್ನ ಕಡೆ ನೋಡಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದೆ. ನಾಳೆ ಹನ್ನೊಂದು ಗಂಟೆಗೆ ಅವರ ಕೈಗೆ ಕೆಲಸದಿಂದ ತೆಗೆದ ಕಾಗದ ಕೊಡುತ್ತಾರೆ.

ಆದ್ದರಿಂದ, ಸೌಂದರ್ಯಾ, ನೀನು ಸರ್‌ಗೆ ಬರೆದು ಕೊಡಬೇಕು. ತಪ್ಪಿದ್ದದ್ದು ನನ್ನ ಪುಟದಲ್ಲಿ, ಎಚ್ಚರಿಕೆಯ ಮಾತನ್ನು ಕಿತ್ತುಹಾಕಿದವಳು ನಾನು ಎಂದು ಬರೆ. ಟಿಪ್ಪಣಿಗಳನ್ನೆಲ್ಲ ಅವುಗಳ ಜಾಗದಲ್ಲಿ, ಕನ್ನಡದಲ್ಲೇ, ವಾಪಸ್ ಹಾಕು. ನನ್ನ ವಹಿ ನನಗೆ ಕೊಡು. ಕಳೆ ಬರಲೆಂದು ಕಿತ್ತ ನಾಲ್ಕು ಸಾಲಿನಿಂದ ಒಬ್ಬರ ಅನ್ನ ಹೋಗುತ್ತಿದೆ. ಇಷ್ಟಕ್ಕೂ ನಿನಗೆ ನಾಚಿಕೆಯಾಗದಿದ್ದರೆ ನಾವಿಬ್ಬರೂ ಇನ್ನು ಮಾತಾಡುವುದು ಬೇಡ.

ಒಂದು ಕಾಲಕ್ಕೆ ನಿನ್ನ ಪಕ್ಕದ ಕುರ್ಚಿಯವಳು,
ಮಾಯಾ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಗುರುವಾರ ಮುಸರತಕ್ಕ ಊಟಕ್ಕೆ ಎದ್ದಿದ್ದರು. ನನ್ನ ಯಂತ್ರ ಕೈಕೊಟ್ಟಿತ್ತು, ಅವರ ಕುರ್ಚಿಯಲ್ಲಿ ಕೂತೆ. ಆ ಸಾಲನ್ನು ಓಡಿಸಿದ್ದು ನಾನು. ಪುಟದಲ್ಲಿ ಹುಲಿಗೆವ್ವನ ಹೆಸರು ಕಂಡಿತು. ನನ್ನದೇ ಬರಹ, ಮತ್ತೆ ನೋಡುವುದೇನು ಎಂದುಕೊಂಡೆ. ಐದು ದಿನದಿಂದ ಬಾಯಿ ಬಿಟ್ಟಿಲ್ಲ. ನಿನ್ನನ್ನು ಬೈದಷ್ಟು ಹೊತ್ತು ಹಗುರಾಗಿತ್ತು, ಸಹಿ ಹಾಕಿದ ಮೇಲೆ ತಡೆಯಲಾಗಲಿಲ್ಲ. ಸರ್‌ಗೆ ನೀನು ಬರೆಯುವುದು ಬೇಡ. ಓಡಿಸಿದ್ದು ನಾನೆಂದು ನಾನೇ ಬರೆದಿದ್ದೇನೆ, ನಾಳೆ ಹತ್ತಕ್ಕೇ ಕೊಡುತ್ತೇನೆ. ನೀನು ಟಿಪ್ಪಣಿ ಮಾತ್ರ ವಾಪಸ್ ಹಾಕು. ಆ ಕೆಂಪು ಶಾಯಿಯದರ ಕೆಳಗೆ ಮುಸರತಕ್ಕನ ಹೆಸರು ಹಾಕು. ಆಸ್ಪತ್ರೆಯವರು ದಿನ ಮೊದಲು ಬರೆಯುತ್ತಾರೆಂದು ಮೂರು ವರ್ಷದ ಹಿಂದೆ ನನಗೆ ತೋರಿಸಿದವರು ಅವರು. ನನ್ನ ವಹಿಯಲ್ಲಿ ನಾನು ಅವರ ಹೆಸರು ಬರೆದಿರಲಿಲ್ಲ.