ಕಾಲು ತೊಳೆಯುವ ಪ್ರಶ್ನೆಗೆ ಉತ್ತರ

ಸಿಂಗಾನಲ್ಲೂರು, ಶುಕ್ರವಾರ

ಪಾಸ್ಟರಮ್ಮ ಗ್ರೇಸಕ್ಕನವರಿಗೆ ಸ್ತೋತ್ರ.

ಇವತ್ತು ಉಪವಾಸ. ಬಾಗಿಲು ತೊಳೆದು, ನೀರು ಹಿಡಿದಿಟ್ಟು ಬರೆಯುತ್ತಿದ್ದೇನೆ.

ಬುಧವಾರ ಹೆಂಗಸರ ಪ್ರಾರ್ಥನಾಕೂಟದಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ಓದಿಸಿ, "ನೀವು ಯಾರ ಕಾಲು ತೊಳೆಯಲಾರಿರಿ?" ಎಂದು ಕೇಳಿದಿರಿ. "ಎಲ್ಲರದೂ ತೊಳೀತೀವಿ" ಎಂದೆವು. ಆಮೇಲೆ ನಮಗೆಲ್ಲ ಸ್ಟೀಲ್ ಲೋಟದಲ್ಲಿ ಟೀ ಬಂತು. ಚರ್ಚಿನ ಕಕ್ಕಸು ತೊಳೆಯುವ ಕುಪ್ಪಮ್ಮನಿಗೆ ಮಾತ್ರ ಪೇಪರ್ ಕಪ್ಪು, ಅದೂ ಬಾಗಿಲಾಚೆ. ನೋಡಿ ಹೇಸಿಗೆಯಾಯಿತು. ನಾನೂ ಅದೇ ಸ್ಟೀಲ್ ಲೋಟದಲ್ಲಿ ಕುಡಿದೆನಲ್ಲ, ಅದು ಇನ್ನೂ ಹೇಸಿಗೆ.

"ನಿನ್ನ ಕಾಲು ತೊಳೀಲಾ?" ಎಂದು ನಿನ್ನೆ ಅವಳನ್ನೇ ಕೇಳಿದೆ. "ಕಾಲೆಲ್ಲ ಬೇಡಕ್ಕಾ, ನಾನೇ ತೊಳ್ಕೋತೀನಿ. ಎಲ್ಲರಂಗೆ ಲೋಟ ಕೊಟ್ರೆ ಸಾಕು" ಎಂದು ನಕ್ಕಳು.

ಅದನ್ನೇ ನನ್ನ ಉತ್ತರವಾಗಿ ಬೇರೊಂದು ಹಾಳೆಯಲ್ಲಿ ಬರೆದಿದ್ದೇನೆ. ಭಾನುವಾರ ಎಲ್ಲರ ಮುಂದೆ ಓದಿ. ಹಾಳೆ ತರಲು ಯಾರನ್ನಾದರೂ ಕಳಿಸಿ, ಕುಪ್ಪಮ್ಮನನ್ನು ಮಾತ್ರ ಬೇಡ; ಎಲ್ಲದಕ್ಕೂ ಅವಳನ್ನೇ ಓಡಿಸಿದ್ದು ಸಾಕು.

ಎಸ್ತರಮ್ಮ