ಬಲಗೈಗೆ ಮದರಂಗಿ ಬೇಡ

ಸಾತ್ವಿಕಾ,

ಅಕ್ಕನನ್ನು ಕರೆದುಕೊಂಡು ದೇವಸ್ಥಾನಕ್ಕೆ ಪುರಾಣ ಕೇಳಲಿಕ್ಕೆ ಹೊರಟೆ. ಮದರಂಗಿ ಶಾಸ್ತ್ರಕ್ಕೆಲ್ಲ ಅವಳು ಇನ್ನು ಬರುವುದಿಲ್ಲ.

ನೀನು ಮದರಂಗಿಗೆ ತೋಡಾರಿನ ಮನೆಗೆ ಹೋಗು. ಮಾವನ ಮಗಳ ಮದುವೆ, ಹೋಗದಿದ್ದರೆ ಆಗುವುದಿಲ್ಲ. ಆದರೆ ಎರಡೂ ಕೈಗೆ ಹಾಕಿಸಬೇಡ, ಬಲಗೈ ಖಾಲಿ ಇರಲಿ. ಹೋದ ವರ್ಷ ಇಂಥದ್ದೇ ಮದರಂಗಿ ಶಾಸ್ತ್ರದಲ್ಲಿ ಅಕ್ಕನ ಎರಡೂ ಕೈಯಲ್ಲಿ ಹಸಿ ಮದರಂಗಿ ಇತ್ತೆಂದು ಯಾರೋ ಜ್ಯೂಸಿನ ಗ್ಲಾಸನ್ನು ಬಾಯಿಗೆ ಹಿಡಿದರು. ಆಮೇಲಿನದು ಅವಳಿಗೆ ನೆನಪಿಲ್ಲ. ಬೆಳಿಗ್ಗೆ ನೋಡಿದರೆ ಮದರಂಗಿಯೆಲ್ಲ ಉಜ್ಜಿಹೋಗಿತ್ತು.

ಮೇಜಿನ ಮೇಲೆ ನೀರಿನ ಬಾಟ್ಲಿ ಉಂಟು, ಅದನ್ನೇ ಕುಡಿ. ಎಲ್ಲಿಯಾದರೂ ಇಟ್ಟು ಹೋದರೆ ಮತ್ತೆ ಮುಟ್ಟಬೇಡ. ತಲೆ ತಿರುಗಿದರೆ ಕೂಡಲೇ ಫೋನ್ ಮಾಡು, ಪುರಾಣದ ನಡುವೆಯೇ ಎದ್ದು ಬರ್ತೇನೆ.

ನಾನು ಕೇಳಿದ ಪುರಾಣದ ಪದ್ಯಗಳಲ್ಲಿ ವಿಷ ಕೊಟ್ಟವರೆಲ್ಲ ಪಕ್ಕದಲ್ಲಿ ಕೂತು ನಗುತ್ತಲೇ ಉಣಿಸಿದವರು.

ಗ್ಲಾಸ್ ಹಿಡಿದದ್ದು ಯಾರೆಂದು ಕೇಳಿದರೆ ಅಕ್ಕ, "ನಮ್ಮವರೇ ಅಮ್ಮಾ" ಎಂದಳು. ಹೆಸರು ಹೇಳಲಿಲ್ಲ. ನಮ್ಮವರೆಲ್ಲ ಇವತ್ತೂ ಬರ್ತಾರೆ.

ಅಮ್ಮ